ಫಿಟ್ಸ್ ಮಾತ್ರೆ ಮಿದುಳಿನೊಳಗೆ ಹೋಗೋದು ಹೇಗೆ? ನರರೋಗ ವೈದ್ಯರನ್ನು ಕೇಳಿ

ಸುಧಾ: ನಮಸ್ತೆ ಸರ್. ರಕ್ತಕ್ಕೂ ಮಿದುಳಿಗೂ ಮಧ್ಯೆ ತಡೆಗೋಡೆ ಇದೆ ಅಂತಾರೆ. ಮತ್ತೆ ಮಾತ್ರೆ ಹೇಗೆ ದಾಟುತ್ತೆ?

ಡಾಕ್ಟರ್: ನಮಸ್ತೆ. ಮಿದುಳಿನ ಸಣ್ಣ ರಕ್ತನಾಳಗಳ ಒಳಪದರದ ಕೋಶಗಳು ಸಂದಿಲ್ಲದಂತೆ ಬೆಸೆದುಕೊಂಡಿರುತ್ತವೆ. ಅದೇ ತಡೆಗೋಡೆ. ಡಯಾಜೆಪಾಮ್ ಕೊಬ್ಬಿನಲ್ಲಿ ಕರಗುವುದರಿಂದ ಕೋಶದ ಪೊರೆಯ ಮೂಲಕವೇ ಬೇಗ ಒಳಗೆ ಹೋಗುತ್ತದೆ. ಗಾಬಾಪೆಂಟಿನ್ ಹಾಗಲ್ಲ, ಅಮೈನೋ ಆಮ್ಲಗಳನ್ನು ಸಾಗಿಸುವ ಲ್ಯಾಟ್-1 ಪ್ರೋಟೀನ್ ಅದನ್ನು ಒಳಗೆ ಸೇರಿಸುತ್ತದೆ.

ಮಂಜು: ಲೆವೆಟಿರಾಸೆಟಮ್ ಊಟಕ್ಕೆ ಮುಂಚೆನಾ, ಆಮೇಲಾ?

ಡಾಕ್ಟರ್: ಹೇಗಾದರೂ ಸರಿ. ಹೊತ್ತು ತಪ್ಪಿಸಬೇಡಿ.

ಕಿರಣ್: ಗಾಬಾಪೆಂಟಿನ್ ಜೊತೆ ಪ್ರೋಟೀನ್ ಪೌಡರ್ ತಗೊಂಡ್ರೆ ಲ್ಯಾಟ್-1ಗೆ ಪೈಪೋಟಿ ಆಗಲ್ವಾ?

ಗೀತಾ: ಸರ್, ಅಪ್ಪನಿಗೆ 68 ವರ್ಷ. ಫೆನಿಟಾಯಿನ್, ವಾಲ್ಪ್ರೊಯೇಟ್ ಎರಡೂ ಇದೆ. ಫೆನಿಟಾಯಿನ್ ಲೆವೆಲ್ 14, ನಾರ್ಮಲ್ ಅಂತ ರಿಪೋರ್ಟ್. ಆದ್ರೆ ನಡೆಯುವಾಗ ತೂರಾಡ್ತಾರೆ, ಎಲ್ಲಾ ಎರಡೆರಡು ಕಾಣುತ್ತೆ ಅಂತಾರೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತೆ, ರಕ್ತದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ 2.0. ಡೋಸ್ ಸಾಲ್ತಿಲ್ವಾ?

ಡಾಕ್ಟರ್: ಡೋಸ್ ಏರಿಸಲೇಬೇಡಿ. ರಕ್ತದಲ್ಲಿರುವ ಫೆನಿಟಾಯಿನ್‌ನಲ್ಲಿ ಶೇ. 90ರಷ್ಟು ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಅಂಟಿಕೊಂಡದ್ದು ತಡೆಗೋಡೆ ದಾಟುವುದಿಲ್ಲ, ಬಿಡಿಯಾಗಿರುವುದಷ್ಟೇ ದಾಟುತ್ತದೆ. ನಿಮ್ಮ ರಿಪೋರ್ಟಿನ 14 ಇವೆರಡರ ಮೊತ್ತ. ಆಲ್ಬುಮಿನ್ 2ಕ್ಕೆ ಇಳಿದರೆ ಬಿಡಿ ಪಾಲು ಏರುತ್ತದೆ. ಸರಿಪಡಿಸುವ ಸೂತ್ರ ಹಾಕಿದರೆ 14 ಸುಮಾರು 28ಕ್ಕೆ ಸಮ, ಮಿತಿ 20. ಅದರ ಮೇಲೆ ವಾಲ್ಪ್ರೊಯೇಟ್ ಬೇರೆ ಇದೆ. ಅದು ಫೆನಿಟಾಯಿನ್ ಅನ್ನು ಆಲ್ಬುಮಿನ್‌ನಿಂದ ಕಿತ್ತು ಹಾಕುತ್ತದೆ, ಹಾಗಾಗಿ ಸೂತ್ರವನ್ನೂ ಪೂರ್ತಿ ನಂಬುವಂತಿಲ್ಲ. ಬಿಡಿ ಪಾಲನ್ನಷ್ಟೇ ಅಳೆಯುವ ‘ಫ್ರೀ ಫೆನಿಟಾಯಿನ್’ ಟೆಸ್ಟ್ ಮಾಡಿಸಬೇಕು. ತೂರಾಟ, ಎರಡೆರಡು ಕಾಣುವುದು ಮಾತ್ರೆ ಹೆಚ್ಚಾದದ್ದರ ಲಕ್ಷಣ ಇರಬಹುದು. ಇವತ್ತೇ ಅವರ ವೈದ್ಯರಿಗೆ ತೋರಿಸಿ. ನೀವಾಗಿ ನಿಲ್ಲಿಸಲೂ ಬೇಡಿ, ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೇಲಿಂದ ಮೇಲೆ ಬರಬಹುದು.

ರಮೇಶ್: ಫಾರ್ವರ್ಡ್ ಆಗಿ ಬಂದದ್ದು: “ಕಾಳುಮೆಣಸಿನ ಸತ್ವದ ಕ್ಯಾಪ್ಸುಲ್ ಮಿದುಳಿನ ಬಾಗಿಲು ತೆರೆಯುತ್ತದೆ, ಫಿಟ್ಸ್ ಮಾತ್ರೆ ಅರ್ಧ ಸಾಕು!”

ಡಾಕ್ಟರ್: ದಯವಿಟ್ಟು ಅಳಿಸಿ. ಮೆಣಸಿನ ಪೈಪರಿನ್ ರಕ್ತದಲ್ಲಿ ಫೆನಿಟಾಯಿನ್ ಪ್ರಮಾಣ ಏರಿಸಬಲ್ಲದು. ಗೀತಾ ಅವರ ತಂದೆಯಂಥವರು ಅದನ್ನು ನುಂಗಿದರೆ?

ರಮೇಶ್: ಒಳ್ಳೇದಕ್ಕೇ ಹಾಕಿದ್ದು ಸಾರ್. ಮಾತ್ರೆ ಕಂಪನಿಯವರಿಗೆ ಮಾತ್ರ ನೋವಾಗುತ್ತೆ.

ಸುಧಾ: ಅಲ್ರೀ, ಡಾಕ್ಟರ್ ಕಾರಣ ಹೇಳಿದ್ಮೇಲೂ ಇದೇನು?

ರಮೇಶ್: ನಿಮ್ಮನ್ನ ಕೇಳಿದ್ನಾ ಮೇಡಂ? ಮನೇಲಿ ಫಿಟ್ಸ್ ನೋಡಿದೋರಿಗೆ ಗೊತ್ತು ಕಷ್ಟ.

ಸುಧಾ: ನನಗೇ ಫಿಟ್ಸ್ ಇದೆ. ಸ್ವಲ್ಪ ಸುಮ್ಮನಿರಿ.

ಲತಾ: ಸರ್, ಎರಡು ಮಾತ್ರೆಗೂ ಮಗನಿಗೆ ಫಿಟ್ಸ್ ನಿಂತಿಲ್ಲ. ಮಿದುಳಿನ ತಡೆಗೋಡೆಯಲ್ಲಿರೋ ಪಂಪೊಂದು ಮಾತ್ರೆಯನ್ನ ಹೊರಗೆ ತಳ್ಳುತ್ತೆ ಅಂತ ಓದಿದೆ.

ಡಾಕ್ಟರ್: ಆ ಪಂಪಿನ ಹೆಸರು ಪಿ-ಗ್ಲೈಕೊಪ್ರೋಟೀನ್. ಕೆಲವು ಔಷಧಿಗಳನ್ನು ಮಿದುಳಿನಿಂದ ರಕ್ತಕ್ಕೆ ವಾಪಸ್ ತಳ್ಳುತ್ತದೆ ನಿಜ, ಮಾತ್ರೆ ನಾಟದಿರಲು ಅದೊಂದೇ ಕಾರಣ ಅಂತ ಸಾಬೀತಾಗಿಲ್ಲ. ಸರಿಯಾಗಿ ಆರಿಸಿದ ಎರಡು ಔಷಧಿ ತಕ್ಕ ಡೋಸಿನಲ್ಲಿ ಕೊಟ್ಟೂ ನಿಲ್ಲದಿದ್ದರೆ ಎಪಿಲೆಪ್ಸಿ ಸೆಂಟರ್‌ಗೆ ತೋರಿಸಿ, ಆಪರೇಷನ್ ಆಗುವಂಥದ್ದಾ ನೋಡುತ್ತಾರೆ.

ವಿನೋದ್: ಲೆವೆಟಿರಾಸೆಟಮ್ ಊಟದ ಮುಂಚೆನಾ ಸರ್?

ಡಾಕ್ಟರ್: ಮೇಲೆ ಓದಿ.

ರಮೇಶ್: ಹಾಗಾದ್ರೆ ಅರಿಶಿನದ ಕ್ಯಾಪ್ಸುಲ್?

ಡಾಕ್ಟರ್: ಗೀತಾ, ಹೊರಟಿರಾ?

ಗೀತಾ: ದಾರೀಲಿದ್ದೀವಿ ಸರ್. ಫ್ರೀ ಲೆವೆಲ್ ಕೇಳ್ತೀನಿ.