ಜರ್ಮನಿಯಲ್ಲಿ ಸೈನಿಕನನ್ನು ಯಾರೂ ತಿರುಗಿ ನೋಡಲ್ಲ, ನಮ್ಮಲ್ಲಿ ಮೆರವಣಿಗೆ. ಯಾಕೆ ಹೀಗೆ?

ತಿಳಕವಾಡಿ_ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿಯವಳು, ಕೆಲಸ ಮ್ಯೂನಿಕ್‌ನಲ್ಲಿ. ಈ ಸಲ ರಜೆಗೆ ಬಂದಾಗ ಬೈಲಹೊಂಗಲ ಹತ್ತಿರದ ಅಜ್ಜಿ ಊರಿಗೆ ಹೋಗಿದ್ದೆ. ಸೋದರಮಾವ ಸೇನೆಯಿಂದ ನಿವೃತ್ತನಾಗಿ ಅವತ್ತೇ ಬಂದ. ಅಗಸಿಯಿಂದ ಮನೆವರೆಗೆ ತೆರೆದ ಜೀಪಿನಲ್ಲಿ ಮೆರವಣಿಗೆ, ಡೊಳ್ಳು, ಆರತಿ. ಹಾರಗಳ ನಡುವೆ ಮಾವನ ಮೀಸೆ ಮಾತ್ರ ಕಾಣುತ್ತಿತ್ತು!

ಜರ್ಮನಿಯ ರೈಲಿನಲ್ಲಿ ಸಮವಸ್ತ್ರದ ಸೈನಿಕರು ಪಕ್ಕದಲ್ಲೇ ಕೂತಿರುತ್ತಾರೆ. ಯಾರೂ ಮೊಬೈಲಿನಿಂದ ತಲೆ ಎತ್ತಲ್ಲ. ಅಮೆರಿಕದಲ್ಲಿರುವ ಗೆಳತಿ ಹೇಳೋದು ಇನ್ನೊಂದು ಥರ. ಅಲ್ಲಿ ಗುರುತಿಲ್ಲದವರೂ ಬಂದು ಸೈನಿಕರಿಗೆ ಥ್ಯಾಂಕ್ಸ್ ಹೇಳ್ತಾರಂತೆ, ವಿಮಾನಕ್ಕೆ ಮೊದಲು ಹತ್ತಿಸ್ತಾರಂತೆ. ಕೆಲಸ ಒಂದೇ ಅಲ್ವಾ? ಸೇನೆಯಲ್ಲಿದ್ದವರು ಇದ್ದರೆ ಹೇಳಿ.

ಗೋಳಗುಮ್ಮಟ_ಪಕ್ಕದಮನೆ:
ನಾನು ಸೇನೆಗೆ ಹೋದವನಲ್ಲ. ವಿಜಯಪುರ ಸೈನಿಕ ಶಾಲೆಯಲ್ಲಿ ಓದಿ ಕೊನೆಗೆ ಎಂಜಿನಿಯರ್ ಆದವನು. ಆದರೂ ಜರ್ಮನಿ ಬಗ್ಗೆ ಒಂದು ಮಾತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಗೆ ಮತ್ತೆ ಸೇನೆ ಬಂದಿದ್ದೇ 1955ರಲ್ಲಿ. ಹಿಟ್ಲರ್ ಕಾಲ ಕಂಡ ಜನಕ್ಕೆ ಸಮವಸ್ತ್ರ ಅಂದರೆ ಅಳುಕು. ಇವತ್ತಿಗೂ ಸೈನಿಕರನ್ನು ಯುದ್ಧದ ಕೆಲಸಕ್ಕೆ ಹೊರದೇಶಕ್ಕೆ ಕಳಿಸಬೇಕಾದರೆ ಸಂಸತ್ತು ಒಪ್ಪಬೇಕು. 2011ರಲ್ಲಿ ಕಡ್ಡಾಯ ಸೇನಾ ಸೇವೆ ನಿಂತ ಮೇಲೆ ಜನರ ಕಣ್ಣಿಗೆ ಸೈನಿಕರು ಬೀಳುವುದೇ ಕಡಿಮೆಯಾಯಿತು. ನೀವು ರೈಲಿನಲ್ಲಿ ಅವರನ್ನು ನೋಡ್ತಿರೋದಕ್ಕೂ ಕಾರಣ ಇದೆ. 2020ರ ಜನವರಿಯಿಂದ ಸಮವಸ್ತ್ರ ಹಾಕಿದ್ದರೆ ಅವರಿಗೆ ರೈಲು ಪ್ರಯಾಣ ಉಚಿತ. ಜನಕ್ಕೆ ರೂಢಿಯಾಗಲಿ ಅಂತಲೇ ಹಾಗೆ ಮಾಡಿದ್ದು. ಮಾಜಿ ಸೈನಿಕರ ದಿನವನ್ನು ಮೊದಲ ಸಲ ಆಚರಿಸಿದ್ದು 2025ರ ಜೂನ್ 15ಕ್ಕೆ.

ಹವಾಲ್ದಾರ್_ಸವದತ್ತಿ:
ತಂಗೀ, ನನ್ನ ಟ್ರೇನಿಂಗ್ ಬೆಳಗಾವಿಯ ಮರಾಠಾ ಸೆಂಟರ್‌ನಲ್ಲೇ, ಅಂದರೆ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರದಲ್ಲೇ ಆಯಿತು. ಔಟ್‌ಪಾಸ್ ಸಿಕ್ಕ ದಿನ ಖಡೇಬಜಾರಿಗೆ ಬಂದರೆ ನಮ್ಮ ಕಟಿಂಗ್ ನೋಡಿಯೇ ಅಂಗಡಿಯವರಿಗೆ ಗೊತ್ತಾಗುತ್ತಿತ್ತು. ಸಲಾಮು ಗಿಲಾಮು ಏನಿಲ್ಲ. ಬೂಟ್ ಪಾಲಿಶ್ ಡಬ್ಬಿ ತಾನಾಗೇ ಮುಂದೆ ಬರುತ್ತಿತ್ತು, ಅಷ್ಟೇ. ಕಂಟೋನ್ಮೆಂಟ್ ಊರಲ್ಲಿ ಸೈನಿಕ ಅಂದರೆ ದಿನಾ ಬರೋ ಗಿರಾಕಿ.

ಆಮೇಲೆ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ದಕ್ಷಿಣ ಲೆಬನಾನ್‌ಗೆ ಹೋಗಿದ್ದೆ. ಆ ಜನ ಬಂದೂಕು ಹಿಡಿದವರನ್ನು ಸಾಕಷ್ಟು ನೋಡಿದ್ದಾರೆ. ನಮ್ಮನ್ನು ನೋಡಿದರೆ ಮೊದಲು ತೋಳಿನ ಮೇಲಿನ ಬಾವುಟಕ್ಕೆ ಕಣ್ಣು ಹಾಕೋರು. ಯಾವ ದೇಶದವರು ಅಂತ ತಿಳಿದ ಮೇಲೆಯೇ ಮಾತು. ನಮ್ಮ ಬೆಟಾಲಿಯನ್ ಜೊತೆ ದನದ ಡಾಕ್ಟರ್ ಇದ್ದರು. ಊರಿನವರ ಆಡು, ಆಕಳಿಗೆ ಬಿಟ್ಟಿ ಔಷಧ. ಒಬ್ಬ ಮುದುಕ ಆಡಿನ ಕಿವಿ ಹಿಡಿದುಕೊಂಡು ಗೇಟಿಗೇ ಬಂದಿದ್ದ. ನಮ್ಮ ಬಂದೂಕು ಅವನಿಗೆ ಬೇಕಾಗಿರಲಿಲ್ಲ, ಡಾಕ್ಟರ್ ಎಲ್ಲಿ ಅಂತ ಕೈಸನ್ನೆ ಮಾಡಿದ. ಆ ಊರಲ್ಲಿ ನಮಗೆ ಚಹಾ ಸಿಕ್ಕಿದ್ದು ಆ ಡಾಕ್ಟರ್ ಪುಣ್ಯದಿಂದ.

ಅಮೆರಿಕದ ಥ್ಯಾಂಕ್ಸ್ ಬಗ್ಗೆ ನನಗೆ ಸ್ವಲ್ಪ ಅನುಮಾನ. ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಎಷ್ಟೋ ಹುಡುಗರನ್ನು ಅಲ್ಲಿ ಯಾರೂ ಮಾತಾಡಿಸಲಿಲ್ಲ. 1973ರಲ್ಲಿ ಕಡ್ಡಾಯ ಭರ್ತಿ ನಿಂತಿತು. ಈಗ ಹೋಗೋರು ಯಾರದೋ ಮಕ್ಕಳು. ಥ್ಯಾಂಕ್ಸ್ ಹೇಳೋರಿಗೆ 'ಸದ್ಯ, ನನ್ನ ಮಗ ಹೋಗಬೇಕಾಗಿಲ್ಲ' ಅನ್ನೋ ನಿರಾಳವೂ ಇರಬಹುದು.

ಇನ್ನು ನಮ್ಮ ಕಡೆ. ಮೆರವಣಿಗೆ ನನಗೂ ಮಾಡಿದರು, ಖುಷಿಯೇ ಆಯಿತು. ಅದೇ ವರ್ಷ ಒಂದು ಬ್ಯಾಂಕಿನಲ್ಲಿ ಜೀವನ ಪ್ರಮಾಣ ಪತ್ರಕ್ಕೆ ಮಧ್ಯಾಹ್ನದವರೆಗೆ ನಿಲ್ಲಿಸಿದರು. ಬಾಗಿಲಲ್ಲಿದ್ದ ಸೆಕ್ಯುರಿಟಿ ಗಾರ್ಡ್ ನನಗಿಂತ ಹಿರಿಯ ಮಾಜಿ ಸೈನಿಕ. ಅವರೇ ತಮ್ಮ ಸ್ಟೂಲ್ ಕೊಟ್ಟರು.

ಜನರ ನಿಜವಾದ ಅಭಿಪ್ರಾಯ ಬೇಕಂದ್ರೆ ಹೆಣ್ಣು ಕೇಳೋಕೆ ಹೋಗಬೇಕು. ಮೊದಲೆಲ್ಲ ಮಿಲ್ಟ್ರಿ ಹುಡುಗ ಅಂದರೆ ಪಿಂಚಣಿ ಇದೆ ಅಂತ ಬೀಗರು ಬೇಗ ಒಪ್ಪೋರು. 2022ರಲ್ಲಿ ಸೇನಾ ಭರ್ತಿಗೆ ಅಗ್ನಿಪಥ ಯೋಜನೆ ಬಂತು. ನಾಲ್ಕು ವರ್ಷ ಸೇವೆ, ಆಮೇಲೆ ನೂರಕ್ಕೆ ಹೆಚ್ಚೆಂದರೆ 25 ಜನಕ್ಕೆ ಮುಂದುವರಿಕೆ. ಹೋದ ವರ್ಷ ನಮ್ಮ ಅಣ್ಣನ ಮಗನಿಗೆ ಹೆಣ್ಣು ನೋಡೋಕೆ ಹೋದಾಗ ಆ ಮನೆಯ ಹಿರಿಯರು ಕೇಳಿದ್ದು ಒಂದೇ: "ನಾಕ್ ವರ್ಸ ಆದಮ್ಯಾಲೆ ಹುಡುಗ ಏನ್ ಮಾಡ್ತಾನ್ರೀ?" ಅದೇ ಮನೆಯ ಗೋಡೆ ಮೇಲೆ ಕಾರ್ಗಿಲ್ ವಿಜಯದ ಕ್ಯಾಲೆಂಡರ್ ತೂಗುತ್ತಿತ್ತು! ತಪ್ಪು ಅನ್ನಲ್ಲ, ಮಗಳನ್ನು ಕೊಡೋರು ಕೇಳಲೇಬೇಕು.

ಜಮಖಂಡಿ_ಟು_ಸೋಲ್:
ದಕ್ಷಿಣ ಕೊರಿಯಾದಲ್ಲಿ ಇನ್ನೂ ಮಜಾ. ಗಂಡುಮಕ್ಕಳು ಬಹುಪಾಲು ಎಲ್ಲರೂ ಸೇನೆಗೆ ಹೋಗಲೇಬೇಕು, ಭೂಸೇನೆಗೆ ಒಂದೂವರೆ ವರ್ಷ. ಹಾಗಾಗಿ ಸೈನಿಕ ಅಂದರೆ ಹೀರೋ ಏನಲ್ಲ, 'ಪಾಪ, ಇನ್ನೆಷ್ಟು ದಿನ ಉಳಿದಿದೆ' ಅಂತ ಕೇಳ್ತಾರೆ. ಸೇವೆ ಮುಗಿಸಿದವರಿಗೆ ಸರ್ಕಾರಿ ಪರೀಕ್ಷೆಯಲ್ಲಿ ಹೆಚ್ಚಿನ ಅಂಕ ಕೊಡುತ್ತಿದ್ದರು. ಮಹಿಳೆಯರಿಗೆ, ಅಂಗವಿಕಲರಿಗೆ ಅನ್ಯಾಯ ಅಂತ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 1999ರಲ್ಲಿ ಅದನ್ನು ರದ್ದು ಮಾಡಿತು. ಆ ಜಗಳ ಇನ್ನೂ ಆರಿಲ್ಲ.

ತಿಳಕವಾಡಿ_ಹುಡುಗಿ:
ಹವಾಲ್ದಾರ್ ಕಾಕಾ, ಮಾವ ಈಗ ಸುಮ್ನೆ ಮನೆಯಲ್ಲಿ ಕೂತಿದ್ದಾನೆ. ಮುಂದೇನು ಅಂದರೆ 'ನೋಡೋಣ' ಅಂತಾನೆ.

ಹವಾಲ್ದಾರ್_ಸವದತ್ತಿ:
ಮೊದಲು ಬೆಳಗಾವಿಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೆ ಕಳಿಸು. ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಲಿ, ಆಸ್ಪತ್ರೆಗೆ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಮಾಡಿಸಲಿ. ಮಾಜಿ ಸೈನಿಕರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿ ಇದೆ, ಅದನ್ನೂ ವಿಚಾರಿಸಲಿ. ಮಿಲ್ಟ್ರಿ ಕ್ಯಾಂಟೀನಿನಲ್ಲಿ ಅಗ್ಗಕ್ಕೆ ಸಾಮಾನು ಕೊಳ್ಳೋ ಕಾರ್ಡ್ ಸಿಕ್ಕ ಸುದ್ದಿ ಮಾತ್ರ ಊರಲ್ಲಿ ಯಾರಿಗೂ ಹೇಳೋದು ಬೇಡ. ಮಾರನೇ ದಿನ ಬೆಳಿಗ್ಗೆಯೇ ರಮ್ ಕೇಳೋಕೆ ಬರ್ತಾರೆ.