ಇಂಗ್ಲಿಷ್ ಸರ್‌ಗೆ ಕೇಳಿ: ಈ ವಾರದ ಪದ ‘ಬ್ಲ್ಯಾಕ್‌ಮೇಲ್’ (ರಾಯಚೂರು-ಕೊಪ್ಪಳ-ಬಳ್ಳಾರಿ ಓದುಗರ ಗುಂಪು)

ದೇವದುರ್ಗದಿಂದ: ನಮಸ್ಕಾರ ಸರ್. ಕಡಲ್ಗಳ್ಳರು ಕಪ್ಪು ಲಕೋಟೆಯಲ್ಲಿ ಬೆದರಿಕೆ ಪತ್ರ ಕಳಿಸುತ್ತಿದ್ದರಂತೆ, ಅದಕ್ಕೇ ಬ್ಲ್ಯಾಕ್‌ಮೇಲ್ ಅಂತ ಫಾರ್ವರ್ಡ್ ಬಂದಿದೆ. ನಿಜಾನಾ?

ಇಂಗ್ಲಿಷ್ ಸರ್: ನಮಸ್ಕಾರ. ಸುಳ್ಳು. ಅಂಚೆಯ ಮೇಲ್ ಹಳೆಯ ಫ್ರೆಂಚ್‌ನದು, ಅಲ್ಲಿ ಅದಕ್ಕೆ ಚೀಲ ಅಂತ ಅರ್ಥ. ಇದು ಬೇರೆ ಮೇಲ್. ಸ್ಕಾಟ್ಲೆಂಡಿನ ಮಾತು, ಅಂದರೆ ಗೇಣಿ, ಕಂದಾಯ. 16ನೇ ಶತಮಾನದಲ್ಲಿ ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯಲ್ಲಿ ದನ ಹೊಡೆದುಕೊಂಡು ಹೋಗುವ ಗುಂಪುಗಳಿದ್ದವು. ‘ನಿನ್ನ ದನ ಮುಟ್ಟಲ್ಲ, ರೊಕ್ಕ ಕೊಡು’ ಅಂತ ರೈತರಿಂದ ವಸೂಲಿ. ರೊಕ್ಕ ಇಲ್ಲದಿದ್ದರೆ ಕಾಳು ಅಳೆಯಬೇಕು. ನಮ್ಮಲ್ಲಿ ಹಫ್ತಾ ಅಂತೀವಲ್ಲ, ಅದೇ. 1601ರಲ್ಲಿ ಇಂಗ್ಲೆಂಡ್ ಇದರ ವಿರುದ್ಧ ಕಾನೂನೇ ತಂದಿತು. ಗುಟ್ಟು ಬಯಲು ಮಾಡ್ತೀನಿ ಅಂತ ಹೆದರಿಸಿ ದುಡ್ಡು ಕೀಳುವ ಅರ್ಥ ಬಂದದ್ದು 19ನೇ ಶತಮಾನದಲ್ಲಿ.

ಮಾನ್ವಿ ಟೀಚರ್: ಸರ್, ಇದು ಎರಡು ಪದವೋ ಒಂದೋ? ಬಹುವಚನ ಇದೆಯಾ?

ಇಂಗ್ಲಿಷ್ ಸರ್: ಮೊದಲು ಬಿಡಿಸಿ ಬರೆಯುತ್ತಿದ್ದರು, ಈಗ ಸೇರಿಸಿ. ನಾಮಪದಕ್ಕೆ ಬಹುವಚನ ಇಲ್ಲ. ‘ಹೀ ಬ್ಲ್ಯಾಕ್‌ಮೇಲ್ಸ್’ ಸರಿ, ಅಲ್ಲಿ ಅದು ಕ್ರಿಯಾಪದ. ಮಾಡುವವ ಬ್ಲ್ಯಾಕ್‌ಮೇಲರ್.

ಲಿಂಗಸುಗೂರಿನಿಂದ: ಹೆಂಗಸರು ಮಾಡಿದರೆ ಬ್ಲ್ಯಾಕ್ ಫೀಮೇಲಾ ಸರ್ 😂

ಇಂಗ್ಲಿಷ್ ಸರ್: ಮುಂದಿನ ಪ್ರಶ್ನೆ.

ಗಂಗಾವತಿಯಿಂದ: ಸರ್, ಮೇಲ್ ಅಂದ್ರೆ ಪೋಸ್ಟ್ ತಾನೇ?

ಇಂಗ್ಲಿಷ್ ಸರ್: ಅಲ್ಲ. ಮೇಲೆ ಬರೆದಿದ್ದೇನೆ.

ಬಳ್ಳಾರಿಯಿಂದ: ಹಾಗಾದರೆ ನಮ್ಮ ಪಾಳೇಗಾರರು ಊರು ಕಾಯೋದಕ್ಕೆ ಕಾವಲಿ ಅಂತ ರೊಕ್ಕ ಎತ್ತುತ್ತಿದ್ದದ್ದೂ ಬ್ಲ್ಯಾಕ್‌ಮೇಲೇ!

ಕೊಪ್ಪಳದಿಂದ: ಪಾಳೇಗಾರರು ಊರು ಕಾದವರು ರೀ. ಕಳ್ಳರ ಸಾಲಿಗೆ ಸೇರಿಸಬೇಡಿ.

ಬಳ್ಳಾರಿಯಿಂದ: ಯಾರಿಂದ ಕಾದರು? ಪಕ್ಕದ ಪಾಳೇಗಾರನಿಂದ ತಾನೇ?

ಸಿಂಧನೂರಿನಿಂದ: ಸರ್, ನಾನು ಡಿಗ್ರಿ ಓದುತ್ತಿದ್ದೇನೆ. ತಮ್ಮ ಯಾವುದೋ ಆ್ಯಪ್‌ನಲ್ಲಿ ಸಾಲ ತೆಗೆದಿದ್ದಾನೆ. ತೀರಿಸಿದರೂ ಇನ್ನೂ ಕೊಡು ಅಂತಾರೆ. ಇಲ್ಲದಿದ್ದರೆ ನನ್ನ ಫೋಟೋ ತಿದ್ದಿ ಎಲ್ಲರಿಗೂ ಕಳಿಸ್ತಾರಂತೆ. ದೂರಿನಲ್ಲಿ ‘ಬ್ಲ್ಯಾಕ್‌ಮೇಲ್’ ಅಂತ ಬರೆದರೆ ಸಾಕಾ?

ಇಂಗ್ಲಿಷ್ ಸರ್: ಸಾಲದಮ್ಮ. ಆ ಒಂದು ಪದ ಓದಿದರೆ ಏನು ನಡೆಯಿತು ಅಂತ ಗೊತ್ತಾಗಲ್ಲ. ಇಂಗ್ಲೆಂಡಿನಲ್ಲಿ 1968ರ ಕಾನೂನಿನಲ್ಲಿ ಬ್ಲ್ಯಾಕ್‌ಮೇಲ್ ಅಂತಲೇ ಒಂದು ಅಪರಾಧ ಇದೆ. ನಮ್ಮಲ್ಲಿ ಇದು ಎಕ್ಸ್‌ಟಾರ್ಷನ್ ಕೆಳಗೆ ಬರುತ್ತದೆ, ಅಂದರೆ ಹೆದರಿಸಿ ವಸೂಲಿ, ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ. ಹಾಗಾಗಿ ನಡೆದದ್ದನ್ನೇ ಬರೆ. ಎಷ್ಟು ಕೇಳಿದರು, ಯಾವ ನಂಬರಿನಿಂದ, ಯಾವ ದಿನ, ಎಷ್ಟು ಗಂಟೆಗೆ. ಕೊಡದಿದ್ದರೆ ಏನು ಮಾಡ್ತೀವಿ ಅಂದರು, ಅವರದೇ ಮಾತಿನಲ್ಲಿ. ಬೈಗುಳ ಇದ್ದರೆ ಅದೂ ಇರಲಿ, ತಿದ್ದಬೇಡ. ಕನ್ನಡದಲ್ಲೇ ಬರೆ, ಇಂಗ್ಲಿಷ್ ಬೇಕಿಲ್ಲ. ಇನ್ನು ಒಂದು ರೂಪಾಯಿಯೂ ಕೊಡಬೇಡ. ಕೊಟ್ಟಷ್ಟೂ ಕೇಳುತ್ತಾರೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಮನೆಯಲ್ಲಿ ಹೇಳಿದ್ದೀಯಾ? ಇಲ್ಲದಿದ್ದರೆ ಇವತ್ತೇ ಹೇಳು. ತಪ್ಪು ನಿನ್ನದಲ್ಲ.

ದೇವದುರ್ಗದಿಂದ: ತಂಗಿ, ಫೋನ್ ಫಾರ್ಮ್ಯಾಟ್ ಮಾಡಿ ಸಿಮ್ ಮುರಿದು ಹಾಕಿದರೆ ಮುಗೀತು. ಈ ಮೆಸೇಜ್ ಹತ್ತು ಜನಕ್ಕೆ ಕಳಿಸಿ…

ಇಂಗ್ಲಿಷ್ ಸರ್: ದಯವಿಟ್ಟು ಅದನ್ನು ಡಿಲೀಟ್ ಮಾಡಿ. ಫಾರ್ಮ್ಯಾಟ್ ಮಾಡಿದರೆ ಸಾಕ್ಷಿಯೇ ಹೋಯಿತು, ಅವರ ಹತ್ತಿರ ಇರೋ ಫೋಟೋ ಹೋಗಲ್ಲ. ಬೆಳಗ್ಗೆ ಕಡಲ್ಗಳ್ಳರ ಕಥೆ ತಂದಿದ್ದೂ ನೀವೇ ಅಲ್ವಾ? ಪದದ ಅರ್ಥ ತಪ್ಪಾದರೆ ನಗಬಹುದು. ಇದು ತಪ್ಪಾದರೆ ಆ ಹುಡುಗಿ ಅನುಭವಿಸಬೇಕು.

ದೇವದುರ್ಗದಿಂದ: ಒಳ್ಳೇದಕ್ಕೆ ಹಾಕಿದ್ದು. ಇಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ.

ಮಾನ್ವಿ ಟೀಚರ್: ಹೇಳಲೇಬೇಕಿತ್ತು.

ಬಳ್ಳಾರಿಯಿಂದ: 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಕಂಪನಿಯ ಕಲೆಕ್ಟರ್ ಮನ್ರೋ ಈ ಪಾಳೇಗಾರರನ್ನು ಯಾಕೆ ಅಡಗಿಸಿದ, ಓದಿಕೊಂಡು ಬನ್ನಿ.

ಕೊಪ್ಪಳದಿಂದ: ಕಂಪನಿಯವರು ಬರೆದದ್ದನ್ನು ಓದಿ ನಮಗೆ ಪಾಠ ಹೇಳಬೇಡಿ. ಅವರು ಎತ್ತಿದ ಕಂದಾಯ ಏನು ದಾನವಾ?

ಇಂಗ್ಲಿಷ್ ಸರ್: ಇಬ್ಬರೂ ಬೇರೆ ಕಡೆ ಜಗಳ ಆಡಿ.

ಕುಷ್ಟಗಿಯಿಂದ: ಸರ್, ಹಾಗಿದ್ರೆ ಗ್ರೀನ್‌ಮೇಲ್ ಅಂದ್ರೆ ಏನು? ಬ್ಲ್ಯಾಕ್ ಅಂತ ಯಾಕೆ ಬಂತು?

ಸಿಂಧನೂರಿನಿಂದ: ಸರ್, ಅಪ್ಪನಿಗೆ ಹೇಳಿದೆ. 1930ಕ್ಕೂ ಮಾಡಿದೆವು, ದೂರಿನ ನಂಬರ್ ಕೊಟ್ಟಿದ್ದಾರೆ. ಮತ್ತೆ ಆ ಆ್ಯಪ್‌ನವರೇ ಫೋನ್ ಮಾಡುತ್ತಿದ್ದಾರೆ, ಎತ್ತಲಾ?

ಇಂಗ್ಲಿಷ್ ಸರ್: ಎತ್ತಬೇಡ. ಕಾಲ್ ಲಿಸ್ಟ್ ಅಳಿಸಬೇಡ. ದೂರಿನ ನಂಬರ್ ತೆಗೆದುಕೊಂಡು ಅಪ್ಪನ ಜೊತೆ ಠಾಣೆಗೆ ಹೋಗು.

ಗಂಗಾವತಿಯಿಂದ: ಸರ್, ಕೊನೆಗೆ ಮೇಲ್ ಅಂದ್ರೆ ಪೋಸ್ಟ್ ಹೌದೋ ಅಲ್ಲವೋ?

ಮಾನ್ವಿ ಟೀಚರ್: ಅಣ್ಣ, ಮೇಲೆ ಓದಿ!

ಕೊಪ್ಪಳದಿಂದ: ಬಳ್ಳಾರಿಯವರೇ, ಉತ್ತರ ಕೊಡದೆ ಎಲ್ಲಿ ಹೋದಿರಿ?