ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತೆ, ಕಂಪ್ಯೂಟರ್‌ನಲ್ಲಿ ಕಾಣಿಸಲ್ಲ

ಪ್ರಶ್ನೆ: 2.5 ಇಂಚಿನ ಡಿಸ್ಕ್, ಯುಎಸ್‌ಬಿ 3.0. ಕ್ಯಾಬಿನೆಟ್‌ನ ಮುಂದಿನ ಪೋರ್ಟ್‌ಗೆ ಹಾಕಿದರೆ ಲೈಟ್ ಹತ್ತುತ್ತೆ, ನಾಲ್ಕೈದು ಸಲ ಟಿಕ್ ಅಂದು ಸುಮ್ಮನಾಗುತ್ತೆ. ಅದೇ ಪೋರ್ಟ್‌ನಲ್ಲಿ ಮೌಸ್, ಪೆನ್ ಡ್ರೈವ್ ಸರಿಯಾಗಿವೆ. ಡ್ರೈವರ್ ತೆಗೆದು ಮತ್ತೆ ಹಾಕಿದ್ದಾಯ್ತು. ಡಿಸ್ಕ್ ಹೋಯ್ತಾ?

ಉತ್ತರ: ಡ್ರೈವರ್ ತಂಟೆಗೆ ಹೋಗಬೇಡಿ. ಮೌಸ್ ಓಡುತ್ತೆ ಅಂದಮಾತ್ರಕ್ಕೆ ಪೋರ್ಟ್ ಗಟ್ಟಿಯಿದೆ ಅಂತಲ್ಲ, ಅದಕ್ಕೆ 100 ಮಿಲಿಆಂಪ್ ಧಾರಾಳ. ಡಿಸ್ಕ್‌ನ ಮೋಟರ್ ತಿರುಗೋಕೆ ಶುರುವಾದಾಗ ಹೆಚ್ಚುಕಮ್ಮಿ 1 ಆಂಪ್ ಎಳೆಯಬಹುದು. ಯುಎಸ್‌ಬಿ 2.0ಕ್ಕೆ ನಿಗದಿಯಾಗಿರೋದು 500 ಮಿಲಿಆಂಪ್, 3.0ಕ್ಕೆ 900. ಮೋಟರ್ ಏಳುತ್ತೆ, ವೋಲ್ಟೇಜ್ ಕುಸಿಯುತ್ತೆ, ಡಿಸ್ಕ್ ರೀಸೆಟ್ ಆಗುತ್ತೆ, ಮತ್ತೆ ಮೋಟರ್ ಏಳೋಕೆ ನೋಡುತ್ತೆ. ಟಿಕ್ ಟಿಕ್ ಬಹುಮಟ್ಟಿಗೆ ಇದೇ. ಹಿಂದೆ ಮದರ್‌ಬೋರ್ಡ್‌ಗೇ ಬೆಸೆದಿರುವ ನೀಲಿ (ಯುಎಸ್‌ಬಿ 3.0) ಪೋರ್ಟ್‌ಗೆ ಹಾಕಿ ನೋಡಿ.

ಪ್ರಶ್ನೆ ಕೇಳಿದವರು: ಹಿಂದೆ ಒಂದು ಸಲ ಕಾಣಿಸಿತು, ಕಾಪಿ ಮಾಡುವಾಗ ಮಾಯ. ಪೋರ್ಟ್‌ನಲ್ಲಿ ಮಲ್ಟಿಮೀಟರ್ 5.08 ವೋಲ್ಟ್ ತೋರಿಸ್ತಿದೆ. ಪವರ್ ಸರಿಯಿದೆ ಅಲ್ವಾ?

ಉತ್ತರ: ಖಾಲಿ ಪೋರ್ಟ್‌ನಲ್ಲಿ ಅಳೆದದ್ದು ಲೆಕ್ಕಕ್ಕೇ ಇಲ್ಲ. ಲೋಡ್ ಕೊಟ್ಟು, ಅಂದರೆ ಕರೆಂಟ್ ಎಳೆಸುತ್ತಾ ಅಳೆಯಿರಿ. ಹಳೇ ಯುಎಸ್‌ಬಿ ಕೇಬಲ್‌ನ ತುದಿ ಕತ್ತರಿಸಿ, ಕೆಂಪು–ಕಪ್ಪು ತಂತಿಗಳ ನಡುವೆ 5.6 ಓಮ್, 10 ವ್ಯಾಟ್‌ನ ಸಿಮೆಂಟ್ ರೆಸಿಸ್ಟರ್ ಕಟ್ಟಿ. ಸುಮಾರು 0.9 ಆಂಪ್ ಹರಿಯುತ್ತೆ. (ಅಗ್ಗದ ಕೇಬಲ್‌ಗಳಲ್ಲಿ ತಂತಿಯ ಬಣ್ಣ ನಂಬಬೇಡಿ, ಯಾವ ತಂತಿ ಪ್ಲಗ್‌ನ ಯಾವ ಪಿನ್‌ಗೆ ಹೋಗುತ್ತೆ ಅಂತ ಮಲ್ಟಿಮೀಟರ್‌ನ ಕಂಟಿನ್ಯುಯಿಟಿಯಲ್ಲಿ ನೋಡಿಕೊಂಡೇ ಕಟ್ಟಿ.) ನೀಲಿ ಪೋರ್ಟ್‌ಗೆ ಮಾತ್ರ ಹಾಕಿ, ಹತ್ತು ಸೆಕೆಂಡ್ ಸಾಕು, ರೆಸಿಸ್ಟರ್ ಮುಟ್ಟಿದರೆ ಸುಡುತ್ತೆ. ವೋಲ್ಟೇಜನ್ನು ಎರಡು ಕಡೆ ನೋಡಿ: ಪ್ಲಗ್ ಹತ್ತಿರ, ರೆಸಿಸ್ಟರ್ ಹತ್ತಿರ. ಪ್ಲಗ್ ಹತ್ತಿರವೇ 4.75ಕ್ಕಿಂತ ಕೆಳಗಿದ್ದರೆ ತಪ್ಪು ಪೋರ್ಟ್‌ನದ್ದು ಇಲ್ಲವೇ ಎಸ್‌ಎಂಪಿಎಸ್‌ನದ್ದು (ಕಂಪ್ಯೂಟರ್‌ನ ಪವರ್ ಸಪ್ಲೈ). ಅಲ್ಲಿ ಸರಿಯಿದ್ದು ರೆಸಿಸ್ಟರ್ ತುದಿಯಲ್ಲಿ ಬಿದ್ದರೆ ಆ ನಷ್ಟ ಕೇಬಲ್‌ನದ್ದು.

ಇನ್ನೊಬ್ಬರು: ಕೇಬಲ್ ಲೆಕ್ಕ ಸೇರಿಸ್ತೀನಿ. 28 ಗೇಜ್ ತಂತಿ (ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ಸಣ್ಣ) ಮೀಟರ್‌ಗೆ ಸುಮಾರು 0.21 ಓಮ್. ಕರೆಂಟ್ ಹೋಗಿ ಬರಬೇಕಲ್ಲ, 1 ಮೀಟರ್ ಕೇಬಲ್ ಅಂದರೆ 0.42 ಓಮ್. 0.9 ಆಂಪ್‌ಗೆ 0.38 ವೋಲ್ಟ್ ದಾರಿಯಲ್ಲೇ ಖರ್ಚು. 24 ಗೇಜ್ ಆದರೆ 0.15 ಅಷ್ಟೇ. ಮುಂದಿನ ಪೋರ್ಟ್‌ಗೆ ಕ್ಯಾಬಿನೆಟ್ ಒಳಗಿನ ವೈರ್ ಬೇರೆ ಸೇರುತ್ತೆ.

ಪ್ರಶ್ನೆ ಕೇಳಿದವರು: ಪ್ಲಗ್ ಹತ್ತಿರ 4.91, ಡಿಸ್ಕ್ ಜೊತೆ ಬಂದ ಕೇಬಲ್ ಬಿಟ್ಟು ಬಳಸುತ್ತಿದ್ದ 1.5 ಮೀಟರ್ ಕೇಬಲ್‌ನ ತುದಿಯಲ್ಲಿ 4.38.

ಉತ್ತರ: ಕಳ್ಳ ಸಿಕ್ಕ. 30 ಸೆಂಟಿಮೀಟರ್ ಕೇಬಲ್ ಹಾಕಿ. ಉದ್ದ ಬೇಕೇ ಬೇಕಿದ್ದರೆ ಸ್ವಂತ ಅಡಾಪ್ಟರ್ ಇರುವ, 5 ವೋಲ್ಟ್ 2 ಆಂಪ್‌ಗೆ ಕಡಿಮೆಯಿಲ್ಲದ ಹಬ್ ತಗೊಂಡು ಡಿಸ್ಕ್ ಪಕ್ಕದಲ್ಲೇ ಇಡಿ. ಕಂಪ್ಯೂಟರ್ ಆಫ್ ಮಾಡಿ ವಾಲ್ ಪ್ಲಗ್ ಕಿತ್ತಮೇಲೂ ಮದರ್‌ಬೋರ್ಡ್ ಲೈಟ್ ಉರಿಯುತ್ತಲೇ ಇದ್ದರೆ ಆ ಹಬ್ ಕರೆಂಟನ್ನು ಹಿಂದಕ್ಕೆ ತಳ್ಳುತ್ತಿದೆ, ವಾಪಸ್ ಕೊಡಿ. ಚಿಕ್ಕ ಕೇಬಲ್‌ನಲ್ಲೂ ಟಿಕ್ ನಿಲ್ಲದಿದ್ದರೆ ಮಾತ್ರ ಡಿಸ್ಕ್ ಮೇಲೆ ಅನುಮಾನ. ಆಗ ಮತ್ತೆ ಮತ್ತೆ ಹಾಕಿ ತೆಗೆದು ಮಾಡಬೇಡಿ.